ಅದು ತುಕ್ಕು

ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಕಲಿಸಿದ್ದಳು. ಹಾಗಾಗಿ ನಾನು 'ಇವರು' ಎಂದೇ ಹೇಳುತ್ತೇನೆ. ಪುಣೆಯ ಮಾರ್ಕೆಟ್ ಯಾರ್ಡಿನ ಡ್ರೈವರುಗಳಿಗೆ ಇವರು ಗೂಳಪ್ಪ ಮಿಸ್ತ್ರಿ. ಎಂಬತ್ಮೂರರ ಗಣಪತಿ ಹಬ್ಬ ಕಳೆದ ಮೇಲೆ ನಮ್ಮ ಕನ್ನಡ ಮಂದಿಯ ಬಾಯಲ್ಲಿ ಇವರಿಗೆ ಇನ್ನೊಂದು ಹೆಸರು ಬಂತು. ಅದನ್ನು ಹೇಳಲು ಅವ್ವನ ಅಡ್ಡಿಯಿಲ್ಲ. ಮೋಸಗಾರ.

ಗುಲ್ಟೇಕಡಿಯಲ್ಲಿ ರಸ್ತೆಗೆ ಮುಖ ಮಾಡಿದ ತಗಡಿನ ಶೆಡ್ಡು ಇವರ ಗ್ಯಾರೇಜು, ಅದರ ಬೆನ್ನಿಗೆ ಅಂಟಿಕೊಂಡ ಒಂದೇ ಖೋಲಿ ನಮ್ಮ ಮನೆ. ನಡುವೆ ಇದ್ದದ್ದು ಒಂದು ಗೋಣಿತಟ್ಟಿನ ಪರದೆ. ಈ ಕಡೆ ನಾನು ರೊಟ್ಟಿ ಬಡಿಯುತ್ತಿದ್ದೆ, ಆ ಕಡೆ ಇವರು ಕಬ್ಬಿಣ ಬಡಿಯುತ್ತಿದ್ದರು. ಕೇಳಿ ಕೇಳಿ, ಯಾವ ಗಾಡಿಗೆ ಯಾವ ರೋಗ ಎನ್ನುವುದು ನನಗೂ ಅರ್ಧ ತಿಳಿಯುತ್ತಿತ್ತು. ಇವರ ಮುಂದೆ ಹಾಗೇನಾದರೂ ಹೇಳಿದರೆ ಮಾತ್ರ "ನೀ ಮೊದಲ ರೊಟ್ಟಿ ಹೊತ್ತದಂಗ ನೋಡ್ಕೊ" ಎನ್ನುತ್ತಿದ್ದರು.

ಹುಲಿಗೆಪ್ಪ ಇವರ ಗೆಳೆಯ. ಇಂಡಿ ತಾಲೂಕಿನ ಒಂದೇ ಊರಿನವರು, ಒಂದೇ ವರ್ಷ ಪುಣೆಯ ದಾರಿ ಹಿಡಿದವರು. ಅವನದೊಂದು ಹಳೆಯ ಪೆಟ್ರೋಲ್ ವ್ಯಾನು ಇತ್ತು. ಎಷ್ಟು ಹಳೆಯದೆಂದರೆ, ತನ್ನ ಮೊದಲ ಬಣ್ಣ ಯಾವುದೆಂದು ಅದಕ್ಕೇ ಮರೆತುಹೋಗಿರಬೇಕು. ಸುತ್ತಲ ಹಳ್ಳಿಗಳಿಂದ ಕಾಯಿಪಲ್ಲೆ ತುಂಬಿಕೊಂಡು ಯಾರ್ಡಿಗೆ ತಂದು ಹಾಕುವುದು ಅವನ ಕೆಲಸ. ಜೊತೆಗೆ ಮಗ ರಾಮಲಿಂಗಪ್ಪ. ಹುಲಿಗೆಪ್ಪನ ಹೆಂಡತಿ ಸಾವಂತ್ರವ್ವ ನನಗಿಂತ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ನಮಗೆ ಮಕ್ಕಳಾಗಲಿಲ್ಲ. ರಾಮಲಿಂಗ ನನ್ನನ್ನು ಚಿಗವ್ವಾ ಎಂದು ಕರೆಯುತ್ತ ನಮ್ಮ ಬುಟ್ಟಿಯ ರೊಟ್ಟಿಯನ್ನು ಕೇಳದೆಯೇ ತೆಗೆದುಕೊಂಡು ತಿನ್ನುತ್ತಿದ್ದ. ಅವನ ಮದುವೆಯಲ್ಲಿ ಇವರು ಹೊಸ ಪಟಗ ಸುತ್ತಿಕೊಂಡು ಸೋದರಮಾವನಿಗಿಂತ ಹೆಚ್ಚು ಗದ್ದಲ ಮಾಡಿದ್ದರು.

ನಮ್ಮ ಕಡೆಯ ಮೈಲಾರಲಿಂಗನೇ ಇಲ್ಲಿಯವರ ಖಂಡೋಬಾ. ಊರಿಗೆ ಹೋಗಲು ಆಗದವರು ಜೇಜುರಿಯ ಗುಡ್ಡ ಹತ್ತಿ, ಏಳುಕೋಟಿ ಎಂದು ಕೂಗಿ, ಭಂಡಾರ ತೂರಿ ಬರುತ್ತೇವೆ. ಭಂಡಾರವೆಂದರೆ ದೇವರ ಅರಿಸಿನ ಪುಡಿ. ಆ ವರ್ಷ ಶ್ರಾವಣದ ಮುಂಚೆ ಸೋಮವಾರದ ಅಮಾವಾಸ್ಯೆ ಬಂತು, ಅದೇ ಸೋಮವತಿ, ಖಂಡೋಬಾನ ದೊಡ್ಡ ದಿನ. ರಾಮಲಿಂಗನ ಹೆಂಡತಿ ಇಂದೂ ಬಸುರಿ, ಮನೆಮಂದಿಯೆಲ್ಲ ತಮ್ಮದೇ ವ್ಯಾನಿನಲ್ಲಿ ಜೇಜುರಿಗೆ ಹೊರಟರು. ಹೋಗುವ ಮುಂಚೆ ಇವರು ಗಾಡಿಯನ್ನು ಮೈತೊಳೆದ ಮದುಮಗನ ಹಾಗೆ ಸಿದ್ಧ ಮಾಡಿಕೊಟ್ಟರು. ಎಂಜಿನ್ನಿನ ಪಕ್ಕದಲ್ಲಿ ಒಂದು ಕರಿಯ ಮುಚ್ಚಳ ಇರುತ್ತದೆ. ಅದರ ತಲೆಯಿಂದ ನಾಲ್ಕು ತಂತಿಗಳು ನಾಲ್ಕು ಪ್ಲಗ್ಗುಗಳಿಗೆ ಹೋಗುತ್ತವೆ. ಕಿಡಿಯನ್ನು ಸರದಿಯಂತೆ ಹಂಚುವುದು ಅದರ ಒಳಗೇ. ಹಳೆಯ ಮುಚ್ಚಳ ಸೀಳಿತ್ತೆಂದು ಇವರು ತಾವೇ ನಾನಾ ಪೇಠಕ್ಕೆ ಹೋಗಿ ಹೊಸದು ತಂದರು. "ನೋಡ, ರಾಮಲಿಂಗನ ಗಾಡಿಗೆ ಹೊಸಾ ಕಿರೀಟ" ಎಂದು ನನಗೆ ತೋರಿಸಿದ್ದರು. ಫಳಫಳ ಹೊಳೆಯುತ್ತಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಂದೆ ಬರುವ ಮಾತಿಗೆ ಇದು ಬೇಕು.

ಜೇಜುರಿಯಿಂದ ಬಂದ ಕೆಲವೇ ದಿನಕ್ಕೆ ರಾಮಲಿಂಗ ಹೋದ. ಖೇಡ ಶಿವಾಪುರದ ಆಚೆ ಒಂದು ಹೊಲದಲ್ಲಿ ಹೂಕೋಸಿನ ಚೀಲ ಎತ್ತುವಾಗ ಹಾವು ಕಚ್ಚಿತು. ಹುಲಿಗೆಪ್ಪ ಮಾಲನ್ನೆಲ್ಲ ಅಲ್ಲೇ ಕೆಡವಿ, ಮಗನನ್ನು ಪಕ್ಕದಲ್ಲಿ ಒರಗಿಸಿಕೊಂಡು, ಸುರಿಯುವ ಮಳೆಯಲ್ಲಿ ಪುಣೆಯ ಕಡೆ ಗಾಡಿ ಬಿಟ್ಟ. ಕಾತ್ರಜ ಘಾಟು ಏರುವಾಗ ಗಾಡಿ ಮಿಸ್ಸಿಂಗ್ ಹೊಡೆಯತೊಡಗಿತು. ಮಿಸ್ಸಿಂಗ್ ಎಂದರೆ, ನಾಲ್ಕೆತ್ತು ಹೂಡಿದ ಬಂಡಿಯಲ್ಲಿ ಎರಡು ಎತ್ತು ಕಾಲೂರಿ ನಿಂತ ಹಾಗೆ. ಎಂಜಿನ್ ಕೆಮ್ಮುತ್ತದೆ, ಜಗ್ಗುತ್ತದೆ, ಏರು ಮಾತ್ರ ಏರುವುದಿಲ್ಲ. ಇನ್ನೇನು ಸುರಂಗ ಬಂತು ಎನ್ನುವಲ್ಲಿ ನಿಂತೇ ಹೋಯಿತು. ಹುಲಿಗೆಪ್ಪ ಮಳೆಯಲ್ಲಿ ರಸ್ತೆಗೆ ಅಡ್ಡ ನಿಂತು ಕೈ ಮುಗಿದ. ಕೊನೆಗೆ ಯಾವನೋ ಲಾರಿಯವನು ನಿಲ್ಲಿಸಿದ. ದವಾಖಾನೆ ಮುಟ್ಟುವಷ್ಟರಲ್ಲಿ ಹುಡುಗ ತಣ್ಣಗಾಗಿದ್ದ. "ಸ್ವಲ್ಪ ಮೊದಲು ತಂದಿದ್ದರೆ" ಎಂದರಂತೆ ಡಾಕ್ಟರು. ಆ ಒಂದು ಮಾತು ನುಂಗಿಕೊಂಡಿದ್ದರೆ ಅವರ ಗಂಟೇನು ಹೋಗುತ್ತಿತ್ತೋ ನಾ ಕಾಣೆ.

ಮರುದಿನ ಬಿಸಿಲು ಬಿದ್ದಿತ್ತು. ಹುಲಿಗೆಪ್ಪನ ಅಳಿಯ ಗಾಡಿ ತರಲು ಘಾಟಿಗೆ ಹೋದರೆ, ಅದು ಒಂದೇ ಸಲಕ್ಕೆ ಚಾಲೂ ಆಯಿತು. ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಮನೆಗೆ ಬಂತು. ಇದೇ ಹುಲಿಗೆಪ್ಪನನ್ನು ತಿಂದದ್ದು. ಗಾಡಿ ಸರಿ ಇದೆ ಎಂದಮೇಲೆ ತಪ್ಪು ಯಾರದು? ಇವರ ಮುಂದೆ ಕೂತು ಅದನ್ನೇ ಹೇಳುತ್ತಿದ್ದ. "ನಾನ ಗಾಬರ್ಯಾಗಿ ಚೋಕ್ ಭಾಳ ಎಳದೆ ಕಾಣ್ತದ ಗೂಳಪ್ಪಾ. ಇಲ್ಲಾ ಗೇರ್ ತಪ್ಪ ಹಾಕಿದೆ. ಗಾಡಿ ಛಲೋ ಅದ. ನನ್ನ ಕೈನ ಕೆಟ್ಟದ್ದು. ನನ್ನ ಮಗನ್ನ ನಾನ ಕೊಂದೆ." ಇವರು ಏನು ಹೇಳಿದರೂ ಅವನ ತಲೆಗೆ ಹೋಗುತ್ತಿರಲಿಲ್ಲ. ಸೂತಕ ಕಳೆದ ಮೇಲೂ ಗಾಡಿ ಮನೆಯ ಮುಂದೆ ನಿಂತೇ ಇತ್ತು.

ಹೊಟ್ಟೆ ಸೂತಕ ನೋಡುವುದಿಲ್ಲ. ಗಣಪತಿ ಹಬ್ಬದ ಹೊತ್ತಿಗೆ ಹುಲಿಗೆಪ್ಪ ಮತ್ತೆ ಗಾಡಿ ತೆಗೆದ. ಮಳೆ ಬಂದ ದಿನ ಮತ್ತೆ ಅದೇ ಕೆಮ್ಮು. ಮಳೆ ನಿಂತರೆ ಸುಮ್ಮನೆ. ಇಂದೂಗೆ ದಿನ ತುಂಬುತ್ತ ಬಂದಿತ್ತು, ತವರಿನಲ್ಲಿ ಬಾಣಂತನ ಮಾಡುವವರು ಯಾರೂ ಉಳಿದಿರಲಿಲ್ಲ. ಮಗ ಬಿಟ್ಟುಹೋದದ್ದು ಅದೊಂದೇ ಜೀವ. ನಡುದಾರಿಯಲ್ಲಿ ಈ ಗಾಡಿ ಇನ್ನೊಮ್ಮೆ ನಿಂತರೆ ಏನು ಗತಿ ಎಂದು ಹುಲಿಗೆಪ್ಪ ವ್ಯಾನನ್ನು ತಂದು ನಮ್ಮ ಶೆಡ್ಡಿನ ಮುಂದೆ ನಿಲ್ಲಿಸಿದ. "ಬಿಚ್ಚಿ ನೋಡ ಗೂಳಪ್ಪಾ. ನನ್ನ ಕೈಯೋ, ಇದರ ಹೊಟ್ಟಿಯೋ, ಇವತ್ತ ತಿಳೀಬೇಕು" ಎಂದು ಹೇಳಿ ಹೋದ.

ಬೆಳಗಿನಿಂದ ಇವರು ಹುಡುಕಿದರು. ಎಂಜಿನ್ ಚಾಲೂ ಇಟ್ಟು ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಿತ್ತು ಕಿವಿಗೊಟ್ಟರು. ಯಾವುದನ್ನು ಕಿತ್ತಾಗ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರು. ಆದರೆ ಅವತ್ತು ಬಿಸಿಲಿತ್ತು, ನಾಲ್ಕೂ ಬದುಕಿದ್ದವು. ಪ್ಲಗ್ಗು ತೆಗೆದು ಉಜ್ಜಿದರು, ಪೆಟ್ರೋಲ್ ನಳಿಗೆ ಊದಿದರು. ಎಲ್ಲವೂ ಸರಿ. ಕಡೆಗೆ ನನ್ನನ್ನು ಕೂಗಿ ಒಂದು ತಂಬಿಗೆ ನೀರು ತರಿಸಿದರು. ಅಂಗಳಕ್ಕೆ ಚಳೆ ಹೊಡೆಯುವ ಹಾಗೆ ಎಂಜಿನ್ನಿನ ಮೇಲೆ ನೀರು ಚಿಮುಕಿಸಿದರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಗಾಡಿ ಫಟ್ ಎಂದು ಕೆಮ್ಮಿತು. ಮೈ ನಡುಗಿಸಿಕೊಂಡು ಮತ್ತೊಮ್ಮೆ ಕೆಮ್ಮಿತು. ರಾಮಲಿಂಗ ಕಡೆಗೆ ಕೇಳಿದ ಸದ್ದು ಅದೇ ಅಲ್ಲವೇ?

ಇವರು ಆ ಕರಿಯ ಮುಚ್ಚಳದ ಎರಡು ಕ್ಲಿಪ್ಪು ತೆಗೆದು, ಅದನ್ನು ಬೆಳಕಿಗೆ ಹಿಡಿದರು. ಒಳಗೆ ಒಂದು ಮೂಲೆಯಲ್ಲಿ ಹಳದಿ ಬಣ್ಣದ ಏನೋ ಮೆತ್ತಿಕೊಂಡಿತ್ತು. ಅದರ ನಡುವೆ ಕೂದಲೆಳೆಯಷ್ಟು ತೆಳ್ಳಗೆ ಸುಟ್ಟ ಗೆರೆ. "ಇಲ್ನೋಡ" ಎಂದರು, "ಇದು ಹಸಿ ಆದ ಕೂಡಲೇ ಕಿಡಿ ಇದರ ಮ್ಯಾಲಿಂದ ಓಡ್ತದ. ಮೂರನೇ ಮನಿಗೆ ಹೋಗೂದು ನಾಕನೇ ಮನಿಗೆ ಹೋಗ್ತದ. ಆದ್ರ ಇದೇನಂತ? ಹೊಸಾ ಮುಚ್ಚಳದಾಗ ಎಲ್ಲಿಂದ ಬಂತು?"

ನಾನು ಎಲೆ ಹಾಕಿಕೊಳ್ಳುತ್ತ ನಿಂತಿದ್ದೆ. ಎಡಗೈ ಬೆರಳ ತುದಿಯಲ್ಲಿ ಸುಣ್ಣ ಇತ್ತು. ಏನೋ ನೋಡೋಣವೆಂದು ಆ ಹಳದಿಯನ್ನು ಅದೇ ಬೆರಳಿಂದ ಮುಟ್ಟಿದೆ. ಮುಟ್ಟಿದ ಜಾಗ ಕಣ್ಣೆದುರಿಗೇ ಕೆಂಪಗಾಯಿತು.

ಅರಿಸಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ. ಓಕುಳಿ ಕಲಸುವ, ಆರತಿ ಮಾಡುವ ಯಾವ ಹೆಂಗಸಿಗಾದರೂ ಇದು ಗೊತ್ತು. ಇವರ ಮಿಸ್ತ್ರಿತನಕ್ಕೆ ಮಾತ್ರ ಗೊತ್ತಿರಲಿಲ್ಲ. "ಏನ್ರಿ, ಇದು ಭಂಡಾರ" ಎಂದೆ. ಇವರು ನನ್ನ ಮುಖ ನೋಡಿದರು. ರೊಟ್ಟಿ ನೋಡ್ಕೊ ಎನ್ನಲಿಲ್ಲ.

ಸಾವಂತ್ರಕ್ಕನ ಮನೆ ಎರಡು ಗಲ್ಲಿ ಆಚೆ. ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಳು, ಇಂದೂ ಒಳಗೆ ಮಲಗಿದ್ದಳು. ನಾನೂ ಒಂದು ಹಿಡಿ ಸೊಪ್ಪು ಎಳೆದುಕೊಂಡು, ಹಗುರಾಗಿ ಎನ್ನುವ ಹಾಗೆ, "ಯಕ್ಕಾ, ಗಾಡಿಗೆ ಭಂಡಾರ ಹಾಕ್ತೀಯೇನ?" ಎಂದು ಕೇಳಿದೆ.

ಅವಳ ಮುಖ ಎಷ್ಟೋ ದಿನದ ಮೇಲೆ ಸ್ವಲ್ಪ ಅರಳಿತು. "ಹಾಕ್ತೀನಲ್ಲ! ದರ ರವಿವಾರ ಹಾಕ್ತೀನಿ. ರಾಮಲಿಂಗನ ತೋರ್ಸಿಕೊಟ್ಟಿದ್ದ. ಸೋಮವತಿಗೆ ಜೇಜುರಿಯಿಂದ ಬಂದ ದಿನ ನಾ ಗಾಡಿ ಮೂತಿಗೆ ಭಂಡಾರ ಹಚ್ಚಾಕ ಹೋದ್ನೆವ್ವಾ. ಅಂವ ನಗಾಕ ಹತ್ತಿದ. 'ಯವ್ವಾ, ಮೂತಿಗಿ ಹಚ್ಚಿದ್ರ ಏನ ಬಂತು, ಇದರ ಜೀವ ಇಲ್ಲಿ ಅದ' ಅಂದು ಆ ಕರೀ ಮುಚ್ಚಳ ತಗದ. 'ಹಾಕ ಇಲ್ಲಿ ಎರಡ ಚಿಟಿಕಿ' ಅಂದ. ಹಾಕಿದೆ. ಎರಡ ಕ್ಲಿಪ್ ಅದಾವ, ಸರಳ ಬರ್ತದ, ಈಗ ನಾನ ತಗೀತೀನಿ. ನಮ್ಮವರಿಗೆ ಗೊತ್ತಿಲ್ಲ, ಬೈತಾರ."

ನನ್ನ ಕೈಯಲ್ಲಿ ಸೊಪ್ಪು ಹಾಗೇ ಉಳಿಯಿತು. ಅವಳು ಮುಂದುವರಿಸಿದಳು.

"ಕಾಶವ್ವಾ, ಒಂದ ಮಾತ ಹೇಳ್ಲಿ? ಅವತ್ತ ನಾ ಭಂಡಾರ ಹಾಕಿರಲಿಲ್ಲಂದ್ರ ಆ ಮಳ್ಯಾಗ, ಆ ಘಾಟಿನ್ಯಾಗ ಗಾಡಿ ಉರುಳಿ ಬೀಳ್ತಿತ್ತು. ಅಪ್ಪ ಮಗ ಇಬ್ಬರೂ ಹೋಗ್ತಿದ್ರು. ಮೈಲಾರಲಿಂಗ ಗಾಡಿ ಹಿಡದ ನಿಲ್ಸಿದ. ಒಬ್ಬರನ್ನರ ಉಳಿಸಿಕೊಟ್ಟ. ಈಗ ಇಂದೂ ಸಂಬಂಧ ಹಾಕ್ತೀನಿ. ನಡುದಾರ್ಯಾಗ ನಿಲ್ಲಬಾರದಲ್ಲ."

ತಾಯಿ ಮಗನ ಮೇಲೆ ಇಟ್ಟ ಪ್ರೀತಿ, ಮಗ ತಾಯಿಗೆ ಮಾಡಿದ ಚೇಷ್ಟೆ, ಎರಡೂ ಸೇರಿ ಆ ಮುಚ್ಚಳದೊಳಗೆ ಹಸಿಯಾಗಿ ಕೂತಿದ್ದವು. ಗಾಡಿಯನ್ನು ನಿಲ್ಲಿಸಿದ್ದು ಅದೇ. ಇದನ್ನು ಅವಳಿಗೆ ಹೇಳುವುದಕ್ಕಿಂತ ಅವಳ ಕೊರಳಿಗೆ ಕಲ್ಲು ಕಟ್ಟಿ ಬಾವಿಗೆ ನೂಕುವುದು ಸುಲಭ. ಆದರೆ ಸುಮ್ಮನಿದ್ದರೆ ಬರುವ ರವಿವಾರ ಮತ್ತೆ ಹಾಕುತ್ತಾಳೆ, ಇಂದೂ ಮಳೆಯಲ್ಲಿ ನಡುದಾರಿಗೆ ಬೀಳುತ್ತಾಳೆ. ಬಾಯಿಗೆ ಬಂದ ಸುಳ್ಳು ಹೇಳಿದೆ. "ಯಕ್ಕಾ, ನಮ್ಮ ಊರಿನ ಗೊರವಯ್ಯ ಬಂದಿದ್ದ. ದೇವರ ಭಂಡಾರ ಎಣ್ಣಿ ಗ್ರೀಸ್ ಇದ್ದಲ್ಲಿ ಹಾಕಬಾರದಂತ, ಮೈಲಿಗಿ ಆಗ್ತದಂತ. ಡ್ರೈವರನ ಮುಂದ ಪಟ ಇರ್ತದಲ್ಲ, ಅದರ ಬುಡಕ ಇಡಬೇಕಂತ." ಅವಳು ಗಾಬರಿಯಾಗಿ ಕೆನ್ನೆ ಕೆನ್ನೆ ಬಡಿದುಕೊಂಡಳು. "ಅಯ್ಯ ನಮ್ಮಪ್ಪಾ, ತಪ್ಪಾತು. ಇನ್ನ ಹಾಕೂದಿಲ್ಲ" ಎಂದಳು.

ಬಂದು ಇವರಿಗೆಲ್ಲ ಹೇಳಿದೆ. ಇವರು ಹಳೆಯ ಟೈರಿನ ಮೇಲೆ ಕೂತುಬಿಟ್ಟರು. "ಹುಲಿಗೆಪ್ಪಗ ಏನ ಹೇಳ್ತೀರಿ?" ಎಂದು ಕೇಳಿದೆ. "ಏನೂ ಹೇಳೂದಿಲ್ಲ. ಇನ್ನೊಂದ ಹೊಸಾ ಮುಚ್ಚಳ ಹಾಕ್ತೀನಿ, ಕ್ಲಿಪ್ಪಿಗೆ ತಂತಿ ಬಿಗೀತೀನಿ. ತಂತಿ ಸಡಲ ಇತ್ತು ಅಂದ್ರ ಮುಗೀತು" ಎಂದರು. ನನಗೂ ಅದೇ ಸರಿ ಎನಿಸಿತು. ನಾನಾ ಪೇಠಕ್ಕೆ ಹೋಗಿ ತಂದು ಹಾಕಿದರು, ತಂಬಿಗೆ ತಂಬಿಗೆ ನೀರು ಸುರಿದು ನೋಡಿದರು. ಗಾಡಿ ಒಮ್ಮೆಯೂ ಕೆಮ್ಮಲಿಲ್ಲ.

ನಾವಿಬ್ಬರೂ ಮರೆತದ್ದು ಒಂದೇ. ಹಳೆಯ ಮುಚ್ಚಳ ಬೆಂಚಿನ ಮೇಲೆ ಬೋರಲು ಬಿದ್ದಿತ್ತು.

ಸಂಜೆಗೆ ಹುಲಿಗೆಪ್ಪ ಬಂದ. ಅವತ್ತೇ ಸಾವಂತ್ರಕ್ಕನೂ ಬರಬೇಕೇ? ದೇವರ ಪಟಕ್ಕೆ ಜಾಗ ನೋಡಬೇಕೆಂದು ಅವನ ಹಿಂದೆಯೇ ಬಂದಿದ್ದಳು. ಹುಲಿಗೆಪ್ಪ ಎಂಜಿನ್ ಚಾಲೂ ಮಾಡಿ, ತಾನೂ ನೀರು ಹಾಕಿ ನೋಡಿದ. ನಾಲ್ಕೂ ಸಿಲಿಂಡರು ಹೆಜ್ಜೆ ತಪ್ಪದೆ ನಡೆಯುತ್ತಿದ್ದವು. ಅದನ್ನು ಕೇಳುತ್ತ, ಅವತ್ತು ಹೀಗೆ ನಡೆಯಲಿಲ್ಲವಲ್ಲ ಎನ್ನುವ ಹಾಗೆ ಅವನ ಮುಖ ಕಪ್ಪಾಯಿತು. "ಏನಿತ್ತು?" ಎಂದ.

"ತಂತಿ ಸಡಲ ಇತ್ತು" ಎಂದರು ಇವರು.

"ಸುಳ್ಳ ಹೇಳಬ್ಯಾಡ. ತಂತಿ ನಾ ಘಾಟಿನ್ಯಾಗ ನಾಕ ಸಲ ಬಿಗದೀನಿ." ಬೆಂಚಿನ ಕಡೆ ಹೋದ. ಮುಚ್ಚಳ ಎತ್ತಿ ತಿರುಗಿಸಿದ. "ಇದೇನಿದು, ಹಳದಿ? ಇಲ್ಲಿ ಕೆಂಪು? ನೀ ಹೊಸದ ಹಾಕಿದ್ದಿಲ್ಲಾ?"

ಸಾವಂತ್ರಕ್ಕ ಪಟ ಹಿಡಿದುಕೊಂಡು ಹತ್ತಿರ ಬಂದಳು. ಗಂಡನ ಭುಜದ ಮೇಲಿಂದ ಬಗ್ಗಿ ನೋಡಿದಳು. ಅವಳ ಹುಬ್ಬುಗಳು ಕೂಡಿಕೊಳ್ಳುತ್ತಿದ್ದವು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅವಳಿಗೆ ತಿಳಿದುಬಿಡುತ್ತಿತ್ತು. ನನಗೆ ಒಂದು ಸುಳ್ಳೂ ಹುಟ್ಟಲಿಲ್ಲ.

ಇವರು ಮುಚ್ಚಳವನ್ನು ಹುಲಿಗೆಪ್ಪನ ಕೈಯಿಂದ ಕಸಿದುಕೊಂಡರು. "ಅದು ತುಕ್ಕು" ಎಂದರು. "ಒಳಗ ಸ್ಪ್ರಿಂಗ್ ಇರ್ತದ, ಅದರ ತುಕ್ಕ ಇಳದದ. ಹೊಸದು ಅಂತ ಹೇಳಿ ನಾ ಹಳೇದ ಹಾಕಿದ್ದೆ ಹುಲಿಗೆಪ್ಪಾ. ಗುಜರಿಯಾಗಿಂದು. ನಡೀತದ ಅಂತ ಮಾಡಿದ್ದೆ. ನೀರ ಬಿದ್ದ ಕೂಡಲೇ ಇದ ಕೈ ಕೊಟ್ಟದ. ಅವತ್ತೂ ಇದ. ನಿನ್ನ ಕೈ ತಪ್ಪಲ್ಲ. ನನ್ನದ."

ಹೊಸದನ್ನು ಕಣ್ಣಾರೆ ನೋಡಿದವಳು ನಾನು. ರೀ ಎಂದು ಬಾಯಿ ತೆರೆದೆ. ಇವರು ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಮದುವೆಯಾದಾಗಿನಿಂದ ಹಾಗೆ ನೋಡಿರಲಿಲ್ಲ. ಬೈಗುಳವಲ್ಲ, ಬೇಡಿಕೆ. ಬಾಯಿ ಮುಚ್ಚಿಕೊಂಡೆ.

ಹುಲಿಗೆಪ್ಪ ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿಲ್ಲ. "ಅಂವ ನಿನಗ ಕಾಕಾ ಅಂತಿದ್ದಲ್ಲೋ" ಎಂದ, ಅಷ್ಟೇ. ಕೂಗಿದ್ದು, ಇವರನ್ನು 'ಅಣ್ಣಾ' ಎಂದು ಕರೆಯುತ್ತಿದ್ದ ಸಾವಂತ್ರಕ್ಕ. ಗಲ್ಲಿಯ ಮಂದಿಯೆಲ್ಲ ಕೂಡುವ ಹಾಗೆ ಕೂಗಿದಳು. "ನನ್ನ ಕೂಸಿನ ಜೀವದಾಗ ಮೋಸ ಮಾಡಿದ್ಯಾ! ಆ ಕೈಲೆ ಅವನ ಮದುವ್ಯಾಗ ಅಕ್ಕಿಕಾಳ ಹಾಕಿದ್ದೆಲ್ಲೋ! ಸೇದಿ ಹೋಗಲಿ ನಿನ್ನ ಕೈ! ಮೈಲಾರಲಿಂಗ ನೋಡ್ಲಿ, ಸೇದಿ ಬಿದ್ದ ಹೋಗಲಿ!" ಇವರು ಆ ಬಲಗೈಯಲ್ಲಿ ಮುಚ್ಚಳ ಹಿಡಿದುಕೊಂಡು ತಲೆ ಬಗ್ಗಿಸಿ ನಿಂತಿದ್ದರು.

ಅವರು ಹೋದ ಮೇಲೆ ನಾನು ಜಗಳ ತೆಗೆದೆ. ಹುಚ್ಚರೇನು ನೀವು, ಮಾಡದ ಪಾಪ ಯಾಕೆ ತಲೆ ಮೇಲೆ ಹೊತ್ತಿರಿ ಎಂದು ಕೇಳಿದೆ. ಇವರು ಮುಚ್ಚಳವನ್ನು ಸೀಮೆಎಣ್ಣೆಯಲ್ಲಿ ಉಜ್ಜುತ್ತ ಹೇಳಿದರು. "ಹುಲಿಗೆಪ್ಪಂದೂ ಅಲ್ಲ ಅಂತ ಆಗಬೇಕಾಗಿತ್ತು, ಆಕೀದೂ ಅಲ್ಲ ಅಂತ ಆಗಬೇಕಾಗಿತ್ತು. ಉಳದಾಂವ ನಾನ ಒಬ್ಬ. ನಮಗೇನ ಹಿಂದಿಲ್ಲ ಮುಂದಿಲ್ಲ, ಹೊರ್ತೀವಿ ಬಿಡ." ಹೊರುವುದು ಇವರಿಗೆ ಸುಲಭವಾಯಿತು. ನೀರಿನ ನಳದ ಸಾಲಿನಲ್ಲಿ ನಿಲ್ಲುವವಳು ನಾನು.

ಇಂದೂ ನವರಾತ್ರಿಯಲ್ಲಿ ಹೆತ್ತಳು. ಮಳೆ ಸುರಿಯುತ್ತಿತ್ತು, ಗಾಡಿ ಎಲ್ಲಿಯೂ ನಿಲ್ಲದೆ ದವಾಖಾನೆ ಮುಟ್ಟಿತಂತೆ. ಹೆಣ್ಣುಕೂಸು. ತೊಟ್ಟಿಲಿಗೆ ಹಾಕುವ ದಿನ ಗಲ್ಲಿಯ ಎಲ್ಲರಿಗೂ ಕರೆ ಬಂತು, ನಮಗೆ ಬರಲಿಲ್ಲ. ನಾನು ಕೂಸಿನ ತಲೆಗೆಂದು ಒಂದು ಕುಂಚಿಗೆ ಹೊಲಿದಿಟ್ಟಿದ್ದೆ. ಟ್ರಂಕಿನ ತಳಕ್ಕೆ ಹಾಕಿದೆ. ಗ್ಯಾರೇಜಿಗೆ ಕನ್ನಡ ಮಂದಿಯ ಗಾಡಿ ಬರುವುದು ನಿಂತಿತು. ಮರಾಠಿ ಮಂದಿಯೂ ಒಬ್ಬೊಬ್ಬರಾಗಿ ಕಡಿಮೆಯಾದರು. ದಿನಾ ಬೆಳಿಗ್ಗೆ ಹುಲಿಗೆಪ್ಪನ ವ್ಯಾನು ನಮ್ಮ ಶೆಡ್ಡಿನ ಮುಂದೆ ಹಾದು ಹೋಗುತ್ತಿತ್ತು. ಇವರು ಕೈಯಲ್ಲಿನ ಕೆಲಸ ಬಿಟ್ಟು ಅದು ತಿರುವು ದಾಟುವವರೆಗೆ ಕೇಳುತ್ತಿದ್ದರು. ನಾಲ್ಕೂ ಸರಿಯಾಗಿವೆ ಎಂದು ಖಾತ್ರಿಯಾದ ಮೇಲೆ ಮತ್ತೆ ನಟ್ಟು ಬಿಗಿಯುವ ಪಾನಾ ಎತ್ತಿಕೊಳ್ಳುತ್ತಿದ್ದರು. ನನಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಹೆಚ್ಚು ಸಿಟ್ಟೇ.

ಎಂಬತ್ತೊಂಬತ್ತರ ಚಳಿಯಲ್ಲಿ ಇವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಿ ತೊದಲಿ ಒಂದೆರಡು ಹೊರಗೆ ಬರುತ್ತಿದ್ದವು. ಸಾವಂತ್ರವ್ವನ ಶಾಪ ತಟ್ಟಿತು ಎಂದು ಯಾರ್ಡಿನಲ್ಲೆಲ್ಲ ಸುದ್ದಿ. ಶಾಪಕ್ಕೆ ಕಣ್ಣಿಲ್ಲವೇ ಎಂದು ನಾನು ದೇವರ ಜಗಲಿಯ ಮುಂದೆ ನಿಂತು ಕೇಳಿದೆ. ದೇವರು ಏನು ಹೇಳಿಯಾನು?

ಒಂದು ದಿನ ಮಧ್ಯಾಹ್ನ ಆ ವ್ಯಾನು ನಮ್ಮ ಬಾಗಿಲಲ್ಲಿ ನಿಂತಿತು. ಹುಲಿಗೆಪ್ಪ ಇಳಿಯಲಿಲ್ಲ, ಎಂಜಿನ್ ಬಂದ್ ಮಾಡಲೂ ಇಲ್ಲ. ಇಳಿದು ಬಂದದ್ದು ಸಾವಂತ್ರಕ್ಕ. ತಲೆ ಪೂರಾ ಬೆಳ್ಳಗಾಗಿತ್ತು. ಕೈಯಲ್ಲೊಂದು ಬುತ್ತಿಗಂಟು, ಸೊಂಟದಲ್ಲಿ ಭಂಡಾರದ ಚೀಲ. ಹಾಸಿಗೆಯ ಪಕ್ಕ ಕುಕ್ಕರಿಸಿ, ಇವರ ಸತ್ತ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಅಣ್ಣಾ, ನನ್ನ ಬಾಯಾಗ ಮಣ್ಣ ಬೀಳ್ಲಿ. ನಾ ಅಂದೆ, ಮೈಲಾರಲಿಂಗ ಕೇಳಿಬಿಟ್ಟ. ಕೂಸು ಹೋದ ಸಂಕಟಕ್ಕ ಅಂದದ್ದದು. ಹಿಂದಕ್ಕ ತೊಗೋ ಅಂತ ಜೇಜುರಿಗೆ ಹೋಗಿ ಬಂದೀನಿ." ಭಂಡಾರ ತೆಗೆದು ಆ ಕೈಗೆ ಮೊಣಕೈತನಕ ತಿಕ್ಕಿದಳು. ತಿಕ್ಕುತ್ತ ಅಳುತ್ತಿದ್ದಳು. ಯಾವ ಪಾಪ ಅವಳಿಗೆ ತಟ್ಟಬಾರದೆಂದು ಇವರು ಇಷ್ಟೆಲ್ಲ ಹೊತ್ತರೋ, ಅವಳು ಇನ್ನೊಂದು ಪಾಪ ಕಟ್ಟಿಕೊಂಡು ಅದೇ ಬಾಗಿಲಿಗೆ ಬಂದಿದ್ದಳು. ಇವರ ಕಣ್ಣಿನಿಂದ ನೀರು ಇಳಿಯಿತು. ತಲೆ ಅಲ್ಲಾಡಿಸಿ ಬೇಡ ಬೇಡ ಎಂದರು.

"ಬದನಿಕಾಯಿ ಪಲ್ಯ ಮಾಡೀನಿ. ನಾನ ಉಣಸ್ತೀನಿ, ಇಲ್ಲನಬ್ಯಾಡ್ರಿ" ಎಂದಳು. ಉಣ್ಣುವ ಮುಂಚೆ ಕೈ ತೊಳೆಯಬೇಕಲ್ಲ. ನಾನು ತಂಬಿಗೆ ನೀರು, ಅಗಲ ಪರಾತ ತಂದೆ. ಬಚ್ಚಲ ಕಲ್ಲಿನ ಮೇಲಿದ್ದ ಬಟ್ಟೆಯ ಸಾಬೂನು ಅವಳೇ ಎತ್ತಿಕೊಂಡಳು. ಎರಡು ಸಲ ಉಜ್ಜಿದಳೋ ಇಲ್ಲವೋ, ಇವರ ಕೈ ಕೆಂಪಗಾಯಿತು. ಅರಿಸಿನಕ್ಕೆ ಸಾಬೂನು ತಾಗಿದರೂ ಅಷ್ಟೇ, ಸುಣ್ಣ ತಾಗಿದ ಹಾಗೆಯೇ. ಜೀವಮಾನವೆಲ್ಲ ಅವಳು ನೋಡಿದ್ದೇ.

ಆದರೆ ಅವಳ ಕೈ ನಿಂತಿತು. ಹಳದಿಯ ನಡುವಿನ ಆ ಕೆಂಪನ್ನೇ ನೋಡುತ್ತ ಕೂತಳು. ನನ್ನ ಕಡೆ ನೋಡದೆಯೇ ಕೇಳಿದಳು. "ಕಾಶವ್ವಾ, ಅವತ್ತ ಆ ಮುಚ್ಚಳದ ಮ್ಯಾಲೆ ಹಿಂಗ ಇತ್ತಲ್ಲ? ಹಳದಿ, ನಡುವ ಕೆಂಪು." ಮತ್ತೆ, "ಗೊರವಯ್ಯ ಬಂದಿದ್ದ ಅಂತ ನೀ ಹೇಳಿದ್ದು ಅದ ದಿವಸ" ಎಂದಳು.

ಹಾಸಿಗೆಯಿಂದ ಇವರೇ ಮಾತಾಡಿದರು. ತುಟಿ ಸೊಟ್ಟ ಮಾಡಿ, ಬೆವರಿ, ಒಂದೊಂದೇ ಅಕ್ಷರ ಎಳೆದು ಹೊರಗೆ ಹಾಕಿದರು. "ತು... ತುಕ್ಕು."

ಸಾವಂತ್ರಕ್ಕ ಇವರ ಮುಖ ನೋಡಿದಳು. ಎಲ್ಲ ತಿಳಿಯಿತು ಎನ್ನುವುದು ನನಗೂ ತಿಳಿಯಿತು. "ಹೌದ್ರಿ ಅಣ್ಣಾ, ತುಕ್ಕ" ಎಂದಳು. ನೀರು ಹಾಕಿ ಕೈ ತೊಳೆದಳು. ಬಣ್ಣ ಹೋಗಿ ನೀರು ತಿಳಿಯಾದ ಮೇಲೂ ತೊಳೆಯುತ್ತಲೇ ಇದ್ದಳು. ಸೆರಗಿನಿಂದ ಒರೆಸಿದಳು. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಕೂಸಿಗೆ ಉಣಿಸುವ ಹಾಗೆ ಸಣ್ಣ ತುತ್ತು ಮಾಡಿ ಉಣಿಸಿದಳು. ಇವರು ಉಂಡರು. ಆಮೇಲೆ ಅವಳು ಎದ್ದು, ಚಪ್ಪಲಿ ಮೆಟ್ಟಿಕೊಳ್ಳದೆಯೇ ವ್ಯಾನಿನ ಕಡೆ ನಡೆದಳು.

ಇವರು ಎಡಗೈಯಿಂದ ನನ್ನ ಸೆರಗು ಹಿಡಿದು ಜಗ್ಗಿದರು. "ಹೇಳ... ಬ್ಯಾಡ... ಅನ್ನ ಆಕೀಗೆ" ಎಂದರು. ಹುಲಿಗೆಪ್ಪನಿಗೆ ತಿಳಿಯಬಾರದು. ನಾನು ಏಳಲಿಲ್ಲ. ಖರೇ ಸಂಗತಿ ಒಂದು ದಿನ ಹೊರಗೆ ಬಿದ್ದು, ಆ ಹುಲಿಗೆಪ್ಪ ಬಂದು ಇವರ ಕಾಲು ಹಿಡಿಯಲಿ ಎಂದು ನಾನು ಎಷ್ಟೋ ವರ್ಷದಿಂದ ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದೆ. ಈಗ ಅದು ಬಾಗಿಲಿಗೇ ಬಂದಾಗ, ಸುಖವೇ ಆಗಲಿಲ್ಲ.

ಹೊರಗೆ ಎಂಜಿನ್ ನಿಂತಿತು. ಆಮೇಲೆ ಹುಲಿಗೆಪ್ಪ ಅಳುವುದು ಕೇಳಿಸಿತು, ಮಗನನ್ನು ದವಾಖಾನೆಯಿಂದ ತಂದ ದಿನ ಅತ್ತ ಹಾಗೆಯೇ. ಸಾವಂತ್ರಕ್ಕನ ದನಿ ಮಾತ್ರ ಬರಲಿಲ್ಲ. ಇವರು ನನ್ನ ಸೆರಗು ಬಿಟ್ಟು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.